ಬಿಳಿ ಕಾಲರಿನ ಹೆಂಗಸು ಮತ್ತು ಅತ್ತೆಯ ತಿಥಿ

ನಮ್ಮ ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬರುವುದೂ ಅಷ್ಟಕ್ಕಷ್ಟೇ. ಪಿಯುಸಿ ಮುಗಿಸಿ, ಮದುವೆಯಾಗಿ ಮೈಸೂರಿನಿಂದ ಬಂದವಳು ನಾನು. ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯ ಒಂದು ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಆ ಕೆಲಸಕ್ಕೆ ಬೇಕಾಗುವಷ್ಟು ಇಂಗ್ಲಿಷನ್ನು ಆ ಮಕ್ಕಳಿಂದಲೇ ಕಲಿತೆ. ಹಾಗಿದ್ದೂ ಶನಿವಾರ ಸಂಜೆಯಾದರೆ ನಾವಿಬ್ಬರೂ ಟಿವಿಯ ಮುಂದೆ ಕೂತು ಇಂಗ್ಲೆಂಡಿನ ಒಂದು ಹಳ್ಳಿಯ ಕಥೆ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಹಳೆಯ ಧಾರಾವಾಹಿ ಅದು. ಇಲ್ಲಿಯ ಸಾರ್ವಜನಿಕ ಟಿವಿ ವಾಹಿನಿಯೊಂದು ಬ್ರಿಟಿಷ್ ಹಾಸ್ಯ ಧಾರಾವಾಹಿಗಳನ್ನು ಒಂದರ ಹಿಂದೆ ಒಂದು ಹಾಕುತ್ತದೆ. ಅವುಗಳಲ್ಲಿ ಇದೊಂದು. ಹಸಿರು ಗುಡ್ಡ, ಕಲ್ಲಿನ ಚರ್ಚು, ಬೇಸಿಗೆಯಲ್ಲೂ ಸ್ವೆಟರು ಹಾಕಿಕೊಂಡ ಜನ. ಊರಿಗೆ ಹೊಸ ಪಾದ್ರಿ ಬರಬೇಕು, ಎಲ್ಲರೂ ಕಾಯುತ್ತಿದ್ದಾರೆ. ಬಂದದ್ದು ಹೆಂಗಸು. ದಪ್ಪನೆಯ, ಜೋರಾಗಿ ನಗುವ ಹೆಂಗಸು. ಊರಿನ ಹಿರಿಯರ ಮುಖ ನೋಡಬೇಕಿತ್ತು.

ಅತ್ತೆಗೆ ಮೊದಲು ಕಣ್ಣಿಗೆ ಬಿದ್ದದ್ದು ಅವಳ ಕತ್ತಿನ ಬಿಳಿ ಪಟ್ಟಿ.

"ಅದೇನೇ ಕತ್ತಲ್ಲಿ?"

"ಪಾದ್ರಿಗಳು ಹಾಕ್ಕೋತಾರೆ ಅತ್ತೆ. ಅವರ ಕೆಲಸದ ಗುರುತು ಅದು."

"ಜನಿವಾರ ಅನ್ನು ಹಾಗಾದ್ರೆ." ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು. "ಇವಳಿಗೆ ಯಾರು ಹಾಕಿದ್ರಂತೆ?"

"ಬಿಷಪ್ಪು ಇರಬೇಕು."

"ಗಟ್ಟಿಗ ಬಿಡು ಅವನು."

ಆಮೇಲೆ ಅತ್ತೆ ಆ ಹಳ್ಳಿಯನ್ನು ತಮ್ಮದನ್ನಾಗಿ ಮಾಡಿಕೊಂಡರು. ಹಿರಿಯರು ಮೇಜಿನ ಸುತ್ತ ಕೂತು ಸಭೆ ನಡೆಸುವ ದೃಶ್ಯ ಬಂದರೆ, "ನಮ್ಮ ಬೀದಿ ದೇವಸ್ಥಾನದ ಕಮಿಟಿನೇ ಇದು. ಕೆಲಸ ಒಂದೂ ಇಲ್ಲ, ಮೀಟಿಂಗು ಮಾತ್ರ ತಪ್ಪಲ್ಲ" ಎನ್ನುತ್ತಿದ್ದರು. ಯಾರು ಜಿಪುಣ, ಯಾರಿಗೆ ಕಿವಿ ಕೇಳಿಸುವುದಿಲ್ಲ, ಯಾರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಎಲ್ಲವೂ ಅವರಿಗೆ ಭಾಷೆಯ ಹಂಗಿಲ್ಲದೆ ಗೊತ್ತಾಗುತ್ತಿತ್ತು. ನಾನು ಅರ್ಥ ಹೇಳಲು ಹೋದರೆ, "ಸುಮ್ನಿರು, ನೀನು ಹೇಳೋಷ್ಟರಲ್ಲಿ ಅವಳು ಇನ್ನೊಂದು ಅಂದಿರ್ತಾಳೆ" ಎಂದು ಗದರುತ್ತಿದ್ದರು. ಸೀರೆಯ ಮೇಲೆ ನನ್ನ ಗಂಡನ ಹಳೆಯ ಜಾಕೆಟ್ಟು, ಕಾಲಿಗೆ ವಾಕಿಂಗ್ ಶೂಸು, ಕೈಯಲ್ಲಿ ಕಡಲೆಪುರಿಯ ಬಟ್ಟಲು. ಅತ್ತೆಯನ್ನು ನೆನೆದಾಗ ನನಗೆ ಮೊದಲು ಕಾಣುವುದು ಹೀಗೆಯೇ.

ಒಂದು ಸಲ ನಾನು ಕೇಳಿದ್ದೆ. "ನಮ್ಮಲ್ಲೂ ಹೀಗೆ ಹೆಂಗಸರು ಪೌರೋಹಿತ್ಯ ಮಾಡಿದ್ರೆ ಹೇಗಿರುತ್ತೆ ಅತ್ತೆ?"

ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು. "ಟಿವೀಲಿ ಚೆನ್ನಾಗಿರುತ್ತೆ. ನಮ್ಮಲ್ಲಿ ಬೇಡಮ್ಮ."

ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಮುಂದೆ ನಾನು ಮಾಡಿದ್ದನ್ನು ಅವರ ಕೊನೆಯ ಆಸೆ ಎಂದು ಯಾರೂ ತಿಳಿದುಕೊಳ್ಳಬಾರದು. ಅದು ಅವರ ಆಸೆಯಲ್ಲ. ನನ್ನದು.

ನನ್ನ ಗಂಡ ತೀರಿಕೊಂಡು ಹಲವು ವರ್ಷಗಳಾಗಿವೆ. ಅತ್ತೆಗೆ ಅವರೊಬ್ಬರೇ ಮಗ, ನನಗೆ ಒಬ್ಬಳೇ ಮಗಳು. ಅವರು ಹೋದಾಗ, ಇನ್ನು ಅತ್ತೆ ಎಲ್ಲಿರಬೇಕು ಎಂದು ನೆಂಟರೆಲ್ಲ ಫೋನಿನಲ್ಲಿ ತೀರ್ಮಾನಕ್ಕೆ ಕೂತರು. ಹತ್ತಿರದ ಲಾಸ್ ಆಲ್ಟೋಸ್‌ನಲ್ಲಿ ನನ್ನ ಭಾವ ಇದ್ದಾರೆ, ನನ್ನ ಗಂಡನ ದೊಡ್ಡಪ್ಪನ ಮಗ. ಡಾಕ್ಟರು, ದೊಡ್ಡ ಮನೆ, ಹಿಂದೆ ನಿಂಬೆ ಗಿಡಗಳ ತೋಟ. ಅಲ್ಲಿಗೆ ಹೋಗಲಿ ಎಂದರು ಕೆಲವರು. ಮೈಸೂರಿಗೆ ವಾಪಸ್ಸು ಕಳಿಸಿ ಎಂದರು ಕೆಲವರು. ಅತ್ತೆ ಎಲ್ಲರ ಮಾತನ್ನೂ ಕೇಳಿಸಿಕೊಂಡು, "ನಾನಿಲ್ಲೇ ಇವಳ ಜೊತೆ ಇರ್ತೀನಿ. ಇವಳ ಸಾರು ಒಗ್ಗಿಹೋಗಿದೆ" ಎಂದು ಫೋನಿಟ್ಟರು. ಎರಡು ರೂಮಿನ ಅಪಾರ್ಟ್‌ಮೆಂಟಿನಲ್ಲಿ ನಾವು ಅತ್ತೆ ಸೊಸೆ ಉಳಿದೆವು. ಜಗಳ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಗ್ಗರಣೆಗೆ, ಕಿಟಕಿ ತೆಗೆಯುವುದಕ್ಕೆ, ಮಗಳ ಬಟ್ಟೆಗೆ, ಎಲ್ಲಕ್ಕೂ ಇತ್ತು. ಆದರೆ ಮನೆಗೆ ಬರುವಾಗ ದೀಪ ಹಚ್ಚಿ ಕೂತಿರುವ ಒಬ್ಬರು ಇದ್ದರು.

ಕೊನೆಯ ತಿಂಗಳುಗಳಲ್ಲಿ ಅವರಿಗೆ ಮೀಯಿಸಿದ್ದು, ಹಾಸಿಗೆ ಬದಲಾಯಿಸಿದ್ದು, ಗಂಜಿಯನ್ನು ಚಮಚದಲ್ಲಿ ಬಾಯಿಗೆ ಇಟ್ಟದ್ದು ನಾನು. ಕೊನೆಗಾಲದ ಆರೈಕೆ ಮಾಡುವ ಹಾಸ್ಪಿಸ್‌ನ ನರ್ಸು ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಅತ್ತೆ ಹೋದರು. ಭಾವ ಬಂದರು. ಬಂದು ಎಲ್ಲವನ್ನೂ ವಹಿಸಿಕೊಂಡರು. ಅದಕ್ಕೆ ನಾನು ಕೃತಜ್ಞಳಾಗಿಯೇ ಇದ್ದೇನೆ. ಅಂತ್ಯಸಂಸ್ಕಾರ ನಡೆಸುವ ಫ್ಯೂನರಲ್ ಹೋಮಿನ ಮೆತ್ತನೆಯ ಕಾರ್ಪೆಟ್ಟಿನ ಮೇಲೆ ಭಾವ ಪಂಚೆ ಉಟ್ಟು ನಿಂತರು. ದೇವಸ್ಥಾನದ ಭಟ್ಟರು, "ಹೆಂಗಸರು ಸ್ವಲ್ಪ ಹಿಂದೆ ನಿಂತ್ಕೊಳ್ಳಿಮ್ಮಾ" ಎಂದರು. ನಿಂತೆ. ನಾನು ಗಂಜಿ ಇಟ್ಟ ಬಾಯಿಗೆ ಭಾವ ಅಕ್ಕಿಕಾಳು ಹಾಕುವುದನ್ನು ಹಿಂದಿನಿಂದ, ಯಾರದೋ ಹೆಗಲಿನ ಸಂದಿಯಿಂದ ನೋಡಿದೆ.

ಆಮೇಲಿನ ವರ್ಷ ಹೇಗೆ ಕಳೆಯಿತು ಎಂದು ಕೇಳಿದರೆ ಹೇಳಲಾರೆ. ಜನ ಮಾತಾಡಿದ್ದು ನೆನಪಿದೆ. ಕನ್ನಡ ಕೂಟದ ಯುಗಾದಿಗೆ ಹೋಗಿದ್ದಾಗ ಒಬ್ಬರು ನನ್ನ ಮುಖ ನೋಡಿ, "ಇನ್ನೂ ಹೀಗಿದೀರಾ? ತಾಯಿ ಅಲ್ವಲ್ಲ, ಅತ್ತೆ ತಾನೆ" ಎಂದರು. ಸಮಾಧಾನಕ್ಕೆಂದೇ ಹೇಳಿದ್ದು. ಹೌದು, ಅತ್ತೆ. ತಾಯಿಯ ಮನೆಯಲ್ಲಿ ನಾನಿದ್ದದ್ದಕ್ಕಿಂತ ಹೆಚ್ಚು ವರ್ಷ ಈ ಹೆಂಗಸಿನ ಜೊತೆ ಇದ್ದೆ. ಆ ದಿನ ನಾನು ಹೋಳಿಗೆ ಮುಟ್ಟದೆ ಲೈಟ್ ರೈಲು ಹತ್ತಿ ಮನೆಗೆ ಬಂದೆ. ಅಳುವುದಕ್ಕೆ ಸಂಬಂಧದ ಪ್ರಮಾಣಪತ್ರ ತೋರಿಸಬೇಕಾಗಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉತ್ತರ ಕೊಡುತ್ತ ಬಂದೆ.

ಶನಿವಾರ ಸಂಜೆ ಟಿವಿ ಹಾಕುವುದನ್ನು ಬಹಳ ದಿನ ಬಿಟ್ಟಿದ್ದೆ. ಆಮೇಲೆ ಒಂದು ಶನಿವಾರ ಹಾಕಿದೆ. ಅದೇ ಹಳ್ಳಿ, ಅದೇ ಮೇಜು, ಅದೇ ಹಿರಿಯರು. ಅತ್ತೆ ಇದ್ದಾಗ ಅವರ ನಗುವನ್ನು ನೋಡುತ್ತಿದ್ದೆನೇ ಹೊರತು ಕಥೆಯನ್ನು ಸರಿಯಾಗಿ ನೋಡಿರಲಿಲ್ಲ. ಈ ಸಲ ನೋಡಿದೆ. ಆ ಬಿಳಿ ಕಾಲರಿನ ಹೆಂಗಸು ಯಾರ ಅನುಮತಿಯನ್ನೂ ಕೇಳುವುದಿಲ್ಲ. ನಾನು ಬರಬಹುದೇ ಎನ್ನುವುದಿಲ್ಲ. ಬಂದುಬಿಟ್ಟಿದ್ದಾಳೆ. ಇನ್ನು ಒಗ್ಗಿಕೊಳ್ಳುವ ಕೆಲಸ ಊರಿನದು. ನೋಡುತ್ತ ನೋಡುತ್ತ ನನಗೆ ನಗು ಬರಲಿಲ್ಲ.

ಭಾವನ ಫೋನು ಬಂದದ್ದು ಅದಾದ ಕೆಲವು ದಿನಗಳಲ್ಲಿ.

"ನೋಡಮ್ಮಾ, ಚಿಕ್ಕಮ್ಮನ ವರ್ಷದ ತಿಥಿ ಹತ್ರ ಬಂತು. ದೇವಸ್ಥಾನದಲ್ಲಿ ಬುಕ್ ಮಾಡ್ತೀನಿ. ನಾನೇ ಕೂತ್ಕೋತೀನಿ. ನೀನು ಅಡುಗೆ ಒಂದು ನೋಡ್ಕೊಂಡ್ರೆ ಸಾಕು."

"ಭಾವ, ಮನೇಲೇ ಮಾಡೋಣ. ನಾನು ಕೂತ್ಕೋತೀನಿ."

"ಎಲ್ಲಿ?"

"ಮಣೆ ಮೇಲೆ."

ಭಾವ ನಕ್ಕರು. "ಅತ್ತೆ ಸೊಸೆ ಕೂತು ಆ ಪಾದ್ರಿಯಮ್ಮನ ಸೀರಿಯಲ್ಲು ನೋಡ್ತಿದ್ರಲ್ಲ, ಅದರ ಎಫೆಕ್ಟಾ ಇದು?"

"ಸೀರಿಯಲ್ಲಲ್ಲಿ ಪಿಂಡ ಇಡೋದು ತೋರಿಸಲ್ಲ ಭಾವ."

"ತಮಾಷೆ ಅಲ್ಲಮ್ಮಾ. ಹೆಂಗಸರು ಮಾಡೋ ಕ್ರಮ ನಮ್ಮಲ್ಲಿ ಇಲ್ಲ. ಗಂಡು ದಿಕ್ಕಿಲ್ಲದೆ ಇದ್ರೆ ಬೇರೆ ಮಾತು. ನಾನಿದೀನಲ್ಲ?"

"ಪಿಂಡದ ಅನ್ನ ಬೇಯಿಸೋದು ಯಾರು?"

"ನೀನೇ. ಮನೆ ಸೊಸೆ ಅಲ್ವಾ."

"ಬೇಯಿಸೋಕೆ ನಾನಾಗುತ್ತೆ. ಇಡೋಕೆ ಆಗಲ್ವಾ?"

ಭಾವ ದನಿ ಇಳಿಸಿ, ಬಹಳ ಮೆತ್ತಗೆ ಕೇಳಿದರು. "ಚಿಕ್ಕಮ್ಮ ಇದನ್ನ ಒಪ್ತಿದ್ರಾ? ನಿಜ ಹೇಳು."

"ಒಪ್ತಿರಲಿಲ್ಲ."

"ಮತ್ತೆ?"

"ಅವರು ಒಪ್ಪದೇ ಇದ್ದದ್ದನ್ನ ನಾನು ತುಂಬಾ ಮಾಡಿದೀನಿ ಭಾವ. ಕೆಲಸಕ್ಕೆ ಸೇರಿದೆ, ಕಾರು ಕಲಿತೆ, ನಿಮ್ಮ ತಮ್ಮ ಹೋದ ಮೇಲೂ ಹಣೆಗೆ ಇಟ್ಟೆ. ಒಂದು ದಿನ ಮುಖ ಊದಿಸ್ಕೋತಿದ್ರು. ಮಾರನೇ ದಿನ ಕಾಫಿ ಕೇಳ್ತಿದ್ರು."

ದೇವಸ್ಥಾನದ ಭಟ್ಟರಿಗೆ ಫೋನು ಮಾಡಿದೆ. ಒಳ್ಳೆಯವರು. "ನನಗೆ ಪರ್ಸನಲ್ ಆಗಿ ಏನೂ ಇಲ್ಲಮ್ಮಾ. ಆದ್ರೆ ಕಮಿಟಿಯವರು ಕೇಳಿದ್ರೆ ನಾನೇನು ಹೇಳ್ಲಿ?" ಎಂದರು. ಕಮಿಟಿ ಎಂಬ ಮಾತು ಕೇಳಿ ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದರೋ ಎಂದುಕೊಂಡೆ. ಅವರಿಗೆ ತೊಂದರೆ ಕೊಡುವ ಮನಸ್ಸಾಗಲಿಲ್ಲ.

ನನ್ನ ಮಗಳು ಇಲ್ಲೇ ಪಕ್ಕದ ನೆವಾರ್ಕ್‌ನಲ್ಲಿ ಎಲೆಕ್ಟ್ರಿಕ್ ಕಾರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳ ಮನೆಯ ಗೃಹಪ್ರವೇಶವನ್ನು ಹೆಂಗಸೊಬ್ಬರು ಮಾಡಿಸಿದ್ದರಂತೆ. "ಅಮ್ಮಾ, ಶಿ ಇಸ್ ಜೆನ್ಯೂಯಿನ್. ಹರ್ ಫಾದರ್ ಇಸ್ ಎ ಪ್ರೀಸ್ಟ್. ಕಾಲ್ ಹರ್" ಎಂದು ನಂಬರು ಕಳಿಸಿದಳು.

ಉಡುಪಿ ಕಡೆಯವರು. ಫೋನೆತ್ತಿದಾಗ ಹಿಂದೆ ಯಾರೊಡನೆಯೋ ತುಳುವಿನಲ್ಲಿ ಮಾತಾಡುತ್ತಿದ್ದರು. ತಂದೆ ಪುರೋಹಿತರು, ಗಂಡು ಮಕ್ಕಳಿಲ್ಲ, ಹೇಳಿಕೊಡಲು ಯಾರಾದರೂ ಬೇಕಲ್ಲ ಎಂದು ಮಗಳಿಗೇ ಹೇಳಿಕೊಟ್ಟರಂತೆ. ಲೆಕ್ಕದ ಟೀಚರಾಗಿ ನಿವೃತ್ತರಾದ ಮೇಲೆ ಇದನ್ನು ಶುರುಮಾಡಿದ್ದರು.

"ಎಂತ ಕಾರ್ಯ?" ಎಂದು ಕೇಳಿದರು.

"ತಿಥಿ."

"ಓ. ನಾಮಕರಣಕ್ಕೆ ಕರೀತಾರೆ, ಸೀಮಂತಕ್ಕೆ ಕರೀತಾರೆ, ಕಾರು ತೆಗೊಂಡ್ರೆ ನಿಂಬೆಹಣ್ಣು ಇಡ್ಲಿಕ್ಕೂ ಕರೀತಾರೆ. ತಿಥಿಗೆ ಮಾತ್ರ ಯಾರೂ ಕರೆಯುದಿಲ್ಲ ಮಾರಾಯ್ತಿ. ಕೂರುವುದು ಯಾರು?"

"ನಾನು. ಸೊಸೆ."

"ಮನೆಯವರು ಒಪ್ಪಿದ್ದಾರಾ?"

"ಇಲ್ಲ."

"ಆಯ್ತು, ಬರ್ತೇನೆ. ಎಳ್ಳು, ದರ್ಭೆ ನನ್ನ ಹತ್ರ ಉಂಟು. ಮೂರು ತಲೆಮಾರಿನ ಹೆಸರು ಕೇಳಿ ಇಟ್ಟುಕೊಳ್ಳಿ. ಮತ್ತೆ ನಿಮ್ಮ ಸ್ಮೋಕ್ ಅಲಾರಂ ಎಲ್ಲಿ ಉಂಟು?"

ಭಾವನಿಗೆ ದಿನ ತಿಳಿಸಿದೆ. ಬನ್ನಿ ಎಂದೆ. ಬರುವುದಿಲ್ಲ ಎಂದುಕೊಂಡಿದ್ದೆ. ತಿಥಿಯ ಬೆಳಿಗ್ಗೆ ಬಂದರು, ಅಕ್ಕನನ್ನೂ ಕರೆದುಕೊಂಡು. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಭಾವ ಮಡಿಪಂಚೆಯನ್ನು ಕವರಿನಲ್ಲಿ ತಂದಿದ್ದರು. ನಾನು ಕೊನೆಗಳಿಗೆಯಲ್ಲಿ ಹೆದರಿ ಎದ್ದುಬಿಡುತ್ತೇನೆ, ಆಗ ಉಟ್ಟುಕೊಂಡು ಕೂರಬಹುದು ಎಂಬ ಲೆಕ್ಕ ಇರಬೇಕು. ಬಂದವರೇ ಅಡುಗೆಮನೆಯ ಕಡೆ ಮೂಗೆತ್ತಿ, "ಟೊಮ್ಯಾಟೊ ಗಿಮ್ಯಾಟೊ ಹಾಕಿಲ್ಲ ತಾನೆ? ಇಂಗ್ಲಿಷ್ ತರಕಾರಿ ತಿಥಿಗೆ ಬರಲ್ಲ" ಎಂದರು. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಮೆಣಸಿನ ಸಾರು, ವಡೆ, ಎಳ್ಳುಂಡೆ, ಪಾಯಸ. ಎಲ್ಲ ಒದ್ದೆ ಸೀರೆಯಲ್ಲಿ ನಾನೇ ಮಾಡಿದ್ದೆ. ಅತ್ತೆ ಹೇಳಿಕೊಟ್ಟ ಹಾಗೆಯೇ. ಇದರಲ್ಲಿ ತಪ್ಪು ಹುಡುಕಲು ಅವರಿಗೆ ಏನೂ ಸಿಗಲಿಲ್ಲ.

ಪುರೋಹಿತರು ಬಂದರು. ಬಿಳಿ ಕೂದಲು, ಅಂಚಿನ ಸೀರೆ, ಹೆಗಲಿಗೆ ಯೋಗ ಕ್ಲಾಸಿನವರ ಹಾಗೆ ಒಂದು ದೊಡ್ಡ ಚೀಲ. ಮೊದಲು ಮಾಡಿದ ಕೆಲಸವೆಂದರೆ ಕುರ್ಚಿ ಹತ್ತಿ, ಹೊಗೆಗೆ ಕೂಗಿಕೊಳ್ಳದಿರಲಿ ಎಂದು ಸ್ಮೋಕ್ ಅಲಾರಂಗೆ ಒಂದು ಶವರ್ ಕ್ಯಾಪ್ ಹಾಕಿದ್ದು. ಭಾವ ಕೈಕಟ್ಟಿಕೊಂಡು ಬಾಗಿಲ ಬಳಿ ನಿಂತೇ ಇದ್ದರು.

"ನಮಸ್ಕಾರ. ತಾವು ವಿದ್ವಾಂಸರಿರಬೇಕು. ಹೆಂಗಸರು ಶ್ರಾದ್ಧಕ್ಕೆ ಕೂರಬಹುದು ಅಂತ ಯಾವ ಶಾಸ್ತ್ರದಲ್ಲಿದೆ, ಸ್ವಲ್ಪ ಹೇಳ್ತೀರಾ?"

ಪುರೋಹಿತರು ಕುರ್ಚಿಯಿಂದ ನಿಧಾನವಾಗಿ ಇಳಿದರು. "ಕ್ಯಾಲಿಫೋರ್ನಿಯ ಯಾವ ಶಾಸ್ತ್ರದಲ್ಲಿ ಉಂಟು ಸ್ವಾಮೀ? ನಿಮ್ಮ ದೇವಸ್ಥಾನದಲ್ಲಿ ಸಂಕಲ್ಪ ಮಾಡುವಾಗ ಜಂಬೂದ್ವೀಪ ಬಿಟ್ಟು ಈ ದೇಶಕ್ಕೆ ಕ್ರೌಂಚದ್ವೀಪ ಅಂತಾರಲ್ಲ, ಕೇಳಿದ್ದೀರಾ? ದ್ವೀಪವನ್ನೇ ಬದಲಾಯಿಸಿಯಾಯ್ತು. ನಿಮಗೆ ಆಗ ತೊಂದರೆ ಆಗ್ಲಿಲ್ಲ. ಈಗ ಮಣೆ ಮೇಲೆ ಕೂರುವವಳು ಬದಲಾದ್ರೆ ಎಂತ ಮುಳುಗುದು?"

"ಅದು ಬೇರೆ."

"ಬೇರೆಯೇ. ದ್ವೀಪ ದೊಡ್ಡದು, ಇವರು ಸಣ್ಣವರು."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ. ಟಿವಿಯ ಹಳ್ಳಿಯಲ್ಲಾದರೆ ಇಂಥ ಮಾತಿಗೆ ಹಿಂದಿನಿಂದ ಜನ ಗೊಳ್ಳೆಂದು ನಗುತ್ತಾರೆ, ನಗು ಮುಗಿಯುವಷ್ಟರಲ್ಲಿ ಎದುರಾಳಿಯೂ ಕರಗಿರುತ್ತಾನೆ. ನಮ್ಮ ಹಾಲಿನಲ್ಲಿ ಅಂಥ ನಗು ಇರಲಿಲ್ಲ. ಭಾವನ ಮುಖ ಗಂಟಿಕ್ಕಿಯೇ ಇತ್ತು. ದಕ್ಷಿಣಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತೆ. ಅಷ್ಟೇ. ಬಹಳ ವರ್ಷ ಆ ಮಣೆಯನ್ನು ತೊಳೆದು, ಒರೆಸಿ, ರಂಗೋಲಿ ಎಳೆದು ಬೇರೆಯವರಿಗೆ ಹಾಕಿದವಳು ನಾನು. ಕೂತು ನೋಡಿದರೆ ಅದು ಕೇವಲ ಒಂದು ಹಲಗೆ.

ಬೆರಳಿಗೆ ದರ್ಭೆಯ ಪವಿತ್ರ ಹಾಕಿದರು. ಜನಿವಾರದ ಬದಲಿಗೆ ಎಡ ಹೆಗಲಿಗೆ ಒಂದು ಬಿಳಿ ಶಲ್ಯ ಕೊಟ್ಟರು. ಪಿತೃಗಳ ಕೆಲಸ ಬಂದಾಗ ಅದನ್ನು ಬಲ ಹೆಗಲಿಗೆ ತಿರುಗಿಸಬೇಕು. "ಈಗ ಬಲಕ್ಕೆ ಹಾಕಿ" ಎಂದಾಗ ನಾನು ಗಾಬರಿಯಲ್ಲಿ ಸೀರೆಯ ಸೆರಗನ್ನೇ ಎಳೆದು ಬಲಕ್ಕೆ ತರಲು ಹೊರಟೆ.

"ಸೆರಗಲ್ಲ ಮಾರಾಯ್ತಿ! ಶಲ್ಯ! ಸೆರಗು ಇದ್ದಲ್ಲೇ ಇರ್ಲಿ."

"ನೋಡಿದ್ರಾ, ಇದಕ್ಕೇ ಹೇಳಿದ್ದು" ಎಂದರು ಭಾವ.

"ನಿಮ್ಮ ಉಪನಯನದ ದಿನ ನೀವು ಎಷ್ಟು ಸಲ ತಪ್ಪು ಹಾಕಿದ್ರಿ?" ಎಂದು ಕೇಳಿದರು ಪುರೋಹಿತರು, ತಲೆಯೆತ್ತದೆ.

ಎಳ್ಳುನೀರು ಬಿಟ್ಟದ್ದಾಯಿತು. ಅನ್ನಕ್ಕೆ ಎಳ್ಳು, ತುಪ್ಪ, ಜೇನು ಕಲಸಿ ಮೂರು ಪಿಂಡ ಕಟ್ಟಿದೆ. ಬಿಸಿ ಇನ್ನೂ ಆರಿರಲಿಲ್ಲ, ಅಂಗೈ ಚುರುಗುಟ್ಟುತ್ತಿತ್ತು. ಆ ಬಿಸಿಯಲ್ಲಿ ಅತ್ತೆಯ ಗಂಜಿಯ ಬಟ್ಟಲು ನೆನಪಾಯಿತು. ಅಳಬಾರದು ಎಂದು ಹಲ್ಲು ಕಚ್ಚಿಕೊಂಡೆ.

"ಈಗ ಮೂರು ಹೆಸರು ಹೇಳಿ."

ನಾನು ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದೆ. ಮಾವನವರ ಹೆಸರು, ಅವರ ತಂದೆಯ ಹೆಸರು, ಅವರ ತಂದೆಯ ತಂದೆಯ ಹೆಸರು ಹೇಳಿದೆ.

ಪುರೋಹಿತರು ಕೈ ಅಡ್ಡ ಹಿಡಿದರು. "ಯಾರದ್ದು ಇದು?"

"ಮೂರು ತಲೆಮಾರು ಅಂದ್ರಲ್ಲ."

"ಅಯ್ಯೋ ದೇವರೇ, ಗಂಡಸರದ್ದಲ್ಲ! ಹೋದದ್ದು ನಿಮ್ಮ ಅತ್ತೆ ಅಲ್ವಾ? ಒಂದು ಪಿಂಡ ಅವರಿಗೆ. ಎರಡನೇದ್ದು ಅವರ ಅತ್ತೆಗೆ. ಮೂರನೇದ್ದು ಆ ಅತ್ತೆಯ ಅತ್ತೆಗೆ."

ಇಷ್ಟೆಲ್ಲ ಹಟ ಹಿಡಿದು ಮಣೆಯ ಮೇಲೆ ಕೂತವಳು ನಾನು ಗಂಡಸರ ಹೆಸರು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ತಲೆಮಾರು ಎಂದರೆ ಅವರೇ ಎಂದು ಯಾರೂ ಹೇಳಿಕೊಡದೆಯೇ ನನಗೆ ಗೊತ್ತಿತ್ತು. ಕಿವಿ ಬಿಸಿಯಾಯಿತು. ಆದರೆ ಮರುಕ್ಷಣ ಬೇರೊಂದು ತಲೆಗೆ ಹೊಳೆಯಿತು.

"ಹಾಗಾದ್ರೆ ಎಲ್ಲರೂ ಸೊಸೆಯರೇ?"

"ಮತ್ತೆಂತ? ಈ ಸಾಲಿನಲ್ಲಿ ಮನೆಮಗಳು ಒಬ್ಬಳೂ ಇಲ್ಲ. ಎಲ್ಲ ಬೇರೆ ಮನೆಯಿಂದ ಬಂದವರೇ. ನಿಮ್ಮ ಹಾಗೆ."

ಆಗ ನನ್ನ ಬೆನ್ನು ನೆಟ್ಟಗಾಯಿತು. ಇಷ್ಟು ಹೊತ್ತೂ ಎಲ್ಲೋ ಒಳಗೆ, ಬೇರೆಯವರ ಜಾಗದಲ್ಲಿ ಕೂತಿದ್ದೇನೆ ಎಂಬ ಅಳುಕು ಇತ್ತು. ಅದು ಹೋಯಿತು. ಒಬ್ಬಳ ಹಿಂದೆ ಒಬ್ಬಳು ಯಾವುದೋ ಊರಿನಿಂದ ಬಂದು, ಹೆಸರು ಬದಲಾಯಿಸಿಕೊಂಡು, ಈ ಮನೆತನದ ಅನ್ನ ಬೇಯಿಸಿದ ಸೊಸೆಯರ ಸಾಲು ಇದು. ಇದರ ಕೊನೆಯಲ್ಲಿ ನಾನು ಕೂರದೆ ಇನ್ನು ಯಾರು ಕೂರಬೇಕು?

ಅತ್ತೆಯ ಹೆಸರು ಹೇಳಿ ಮೊದಲ ಪಿಂಡ ಇಟ್ಟೆ. ಅತ್ತೆಯ ಅತ್ತೆಯ ಹೆಸರು ಗೊತ್ತಿತ್ತು, ನನ್ನ ಮದುವೆಯಲ್ಲಿ ಅವರ ಬಳೆ ನನಗೆ ತೊಡಿಸಿದ್ದರು, ಎರಡನೆಯದನ್ನೂ ಇಟ್ಟೆ. ಮೂರನೆಯದನ್ನು ಕೈಯಲ್ಲಿ ಹಿಡಿದು ಕೂತೆ. ಹೆಸರು ಗೊತ್ತಿರಲಿಲ್ಲ.

"ಪರವಾಗಿಲ್ಲ" ಎಂದರು ಪುರೋಹಿತರು. "ಗೊತ್ತಿಲ್ಲದಿದ್ರೆ ನದಿಯ ಹೆಸರು ಹೇಳಿಸಿ ಇಡಿಸ್ತೇನೆ. ನಡೀತದೆ."

"ಬೇಡ. ಅವರಿಗೆ ಹೆಸರಿತ್ತು."

ಬಾಗಿಲ ಕಡೆ ತಿರುಗಿದೆ. ಭಾವನಿಗೆ ಗೊತ್ತಿರಲೇಬೇಕು. ಅವರ ತಂದೆ ತಮ್ಮ ತಾಯಿಯ ತಿಥಿ ಮಾಡುವಾಗ ಇದೇ ಹೆಸರುಗಳನ್ನು ಹೇಳಿರಬೇಕು. "ಭಾವ, ನಿಮ್ಮ ಮುತ್ತಜ್ಜಿ ಹೆಸರೇನು?"

ಭಾವ ಕೈಕಟ್ಟನ್ನು ಸಡಿಲಿಸಲಿಲ್ಲ. "ಗೊತ್ತಿದೆ."

"ಹೇಳಿ."

"ಎದ್ದೇಳಮ್ಮಾ. ನಾನು ಪಂಚೆ ಉಟ್ಕೊಂಡು ಬರ್ತೀನಿ. ಕೂತು ಹೇಳ್ತೀನಿ. ನೀನು ಪಕ್ಕದಲ್ಲಿರು, ದರ್ಭೆ ಮುಟ್ಟಿರು. ಎಲ್ಲರ ಮರ್ಯಾದೆನೂ ಉಳಿಯುತ್ತೆ."

"ಏಳಲ್ಲ ಭಾವ."

"ಹೆಸರಿಲ್ಲದೆ ಹೇಗೆ ಇಡ್ತೀಯಾ?"

"ನೀವು ಹೇಳೋವರೆಗೂ ಹಿಡ್ಕೊಂಡಿರ್ತೀನಿ."

ಹೊರಗೆ ಅಪಾರ್ಟ್‌ಮೆಂಟಿನವರು ಎಲೆ ಊದುವ ಯಂತ್ರ ಓಡಿಸುತ್ತಿದ್ದರು, ಅದರ ಗುಂಯ್ ಸದ್ದು ಹತ್ತಿರ ಬಂದು ದೂರ ಹೋಯಿತು. ನನ್ನ ಮಗಳು ಗೋಡೆಗೊರಗಿ ನಿಂತು ಭಾವನನ್ನು ದುರುಗುಟ್ಟಿ ನೋಡುತ್ತಿದ್ದಳು. ಪುರೋಹಿತರು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು, ಅವಸರವೇ ಇಲ್ಲದವರಂತೆ. ತುಪ್ಪ ಕರಗಿ ನನ್ನ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ತೋಳು ನೋಯತೊಡಗಿತು. ಕೆಳಗಿಡಲಿಲ್ಲ.

ಕೊನೆಗೆ ಅಕ್ಕ ಬಾಯಿಬಿಟ್ಟರು. "ರೀ, ಹೇಳ್ಬಾರ್ದಾ? ಜಗಳ ನಿಮ್ಮಿಬ್ಬರದು. ಆ ಮುದುಕಿ ಏನು ಮಾಡಿದ್ಲು ಪಾಪ, ಊಟಕ್ಕೆ ಬಂದು ಬಾಗಿಲಲ್ಲಿ ನಿಂತಿದಾಳೆ."

ಭಾವ ಹೆಂಡತಿಯನ್ನು ನೋಡಿದರು. ನನ್ನ ಕೈಯನ್ನು ನೋಡಿದರು. ಆಮೇಲೆ ಯಾರನ್ನೂ ನೋಡದೆ, ಶವರ್ ಕ್ಯಾಪ್ ಹಾಕಿದ ಅಲಾರಂ ಕಡೆ ಮುಖ ಮಾಡಿ, ಹೆಸರು ಹೇಳಿದರು. ಡಾಕ್ಟರ ದನಿಯಾಗಿರಲಿಲ್ಲ ಅದು. ಅಪ್ಪನ ಪಕ್ಕ ಕೂತು ಕೇಳಿ ಕಲಿತ ಮಂತ್ರದ ರಾಗದಲ್ಲಿಯೇ ಬಂತು.

ನಾನು ಆ ಹೆಸರನ್ನು ಜೋರಾಗಿ ಹೇಳಿ ಪಿಂಡ ಇಟ್ಟೆ.

ಊಟಕ್ಕೆ ಎಲೆ ಹಾಕಿದಾಗ ಭಾವ ಹೊರಡುತ್ತಾರೇನೋ ಎಂದುಕೊಂಡೆ. ಪಂಚೆಯ ಕವರನ್ನು ಅಕ್ಕನ ಕೈಗೆ ಕೊಟ್ಟು ಕೂತರು. ವಡೆಗೆ ಕೈ ಹಾಕುವ ಮೊದಲು ಹೇಳಿದರು. "ಹೆಸರು ಹೇಳ್ದೆ, ಅಷ್ಟೇ. ಒಪ್ಕೊಂಡೆ ಅಂತ ತಿಳ್ಕೋಬೇಡ."

"ತಿಳ್ಕೊಂಡಿಲ್ಲ ಭಾವ."

"ಮುಂದಿನ ವರ್ಷ ದೇವಸ್ಥಾನದಲ್ಲೇ. ನಾನೇ ಕೂರೋದು."

"ಮುಂದಿನ ವರ್ಷಾನೂ ಇಲ್ಲೇ. ನಾನೇ. ನೀವು ಬನ್ನಿ."

"ಹಟಮಾರಿ" ಎಂದರು, ಅಕ್ಕನಿಗೆ ಹೇಳುವವರಂತೆ. ನಾನು ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ. ಬೇಡ ಎನ್ನಲಿಲ್ಲ. ನಮ್ಮ ನಡುವೆ ರಾಜಿಯಾಯಿತು ಎಂದು ಇದರ ಅರ್ಥವಲ್ಲ. ಇವತ್ತಿಗೂ ಆಗಿಲ್ಲ. ಲಾಸ್ ಆಲ್ಟೋಸ್‌ನ ನೆಂಟರ ಬಳಗದಲ್ಲಿ ನನ್ನ ಬಗ್ಗೆ ಏನೇನು ಮಾತಾಗುತ್ತದೆ ಎಂಬುದು ಸುತ್ತಿ ಬಳಸಿ ನನ್ನ ಕಿವಿಗೂ ಬೀಳುತ್ತದೆ. ಬೀಳಲಿ.

ಎಲ್ಲರೂ ಹೋದ ಮೇಲೆ ಮಗಳು ಪಾತ್ರೆ ಒರೆಸುತ್ತ ನಿಂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಹೊರಳುವುದಿಲ್ಲ. ನನಗೆ ಮಗನಿಲ್ಲ, ಹಾಗಾಗಿ ಸೊಸೆಯೂ ಇಲ್ಲ. ಸಾಲು ನನ್ನಲ್ಲಿಗೆ ನಿಲ್ಲುತ್ತದೆ ಎಂದು ಲೆಕ್ಕ ಹಾಕುವವರು ಹಾಕಿಕೊಳ್ಳಲಿ.

"ಆ ಟವಲ್ಲು ಕೆಳಗಿಡು" ಎಂದೆ. "ಮೂರು ಹೆಸರು ಹೇಳ್ತೀನಿ. ನನ್ನ ಹಿಂದೆ ಹೇಳು."

"ನೌ?"

"ಈಗಲೇ."

ಹೇಳಿದಳು. ಮೊದಲನೆಯದು ಅವಳ ಅಜ್ಜಿಯದು, ಸಲೀಸಾಗಿ ಬಂತು. ಎರಡನೆಯದಕ್ಕೆ ಸ್ವಲ್ಪ ತಡವರಿಸಿದಳು. ಮೂರನೆಯದು ಹಳೇ ಕಾಲದ ಉದ್ದನೆಯ ಹೆಸರು, ಅರ್ಧಕ್ಕೇ ಎಡವಿ ನಕ್ಕುಬಿಟ್ಟಳು. "ಅಮ್ಮಾ, ಐ ಕಾಂಟ್."

ನಾನು ನಗಲಿಲ್ಲ. "ಇನ್ನೊಂದು ಸಲ" ಎಂದೆ.